ಮಾಲೆ ಬಿಚ್ಚಿದ ಮರುದಿನ

ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಊರುಗಳಲ್ಲಿ ಪ್ರತಿ ವರ್ಷ ಕಾಣುವ ಸಂಗತಿಯೊಂದಿದೆ. ಹಿಂದಿನ ವಾರದವರೆಗೆ ದಿನಾ ಸಂಜೆ ಬಾರಿನ ಮುಂದೆ ಸಿಗುತ್ತಿದ್ದ ಆಟೋ ಡ್ರೈವರೋ ಗಾರೆ ಮೇಸ್ತ್ರಿಯೋ ಒಂದು ಬೆಳಗ್ಗೆ ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು, ಬರಿಗಾಲಲ್ಲಿ ಬೀದಿಗೆ ಬರುತ್ತಾನೆ. ಅವತ್ತಿನಿಂದ ಅವನು ಊರಿಗೆಲ್ಲ ‘ಸ್ವಾಮಿ’. ನಿನ್ನೆಯವರೆಗೆ ‘ಲೇ’ ಎನ್ನುತ್ತಿದ್ದವರೂ ‘ಬನ್ನಿ ಸ್ವಾಮಿ’ ಎನ್ನುತ್ತಾರೆ. ಮನೆಯಲ್ಲಿ ಬಾಡು ಬೇಯುವುದಿಲ್ಲ. ಕ್ವಾರ್ಟರ್ ಇಟ್ಟುಕೊಂಡು ಕೂತ ಹಳೆಯ ಗೆಳೆಯರು ಅವನನ್ನು ಕರೆಯುವುದಿಲ್ಲ. ಯಾರಾದರೂ ಕರೆದರೆ ಪಕ್ಕದಲ್ಲಿದ್ದವನೇ ‘ಮಾಲೆ ಹಾಕಿದಾರೆ ಕಣೋ, ಸುಮ್ನಿರು’ ಎಂದು ಗದರುತ್ತಾನೆ. ಬೆಳಗಿನ ಜಾವ ತಣ್ಣೀರ ಸ್ನಾನ, ಸಂಜೆ ಭಜನೆ, ರಾತ್ರಿ ಚಾಪೆಯ ಮೇಲೆ ನಿದ್ದೆ. 41 ದಿನ, ಕೆಲವರು 48 ದಿನ, ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಗೆ ಹೋಗಿಬಂದು ಮಾಲೆ ಬಿಚ್ಚಿದ ಮೇಲೆ, ಎಲ್ಲರೂ ಅಲ್ಲದಿದ್ದರೂ ಎಷ್ಟೋ ಜನ ಅದೇ ವಾರ ಅದೇ ಬಾರಿಗೆ ಮರಳುತ್ತಾರೆ.

ಮಾಲೆ ಹಾಕುವವರಲ್ಲಿ ಬಹುಪಾಲು ಜನಕ್ಕೆ ಕುಡಿತದ ಕಾಯಿಲೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಾತಾಡುತ್ತಿರುವುದು ಇರುವವರ ಬಗ್ಗೆ. ಅವರು 41 ದಿನ ನಿಭಾಯಿಸಿದ್ದನ್ನು ನೋಡಿ ‘ದೇವರ ಶಕ್ತಿ’ ಎನ್ನುವವರಿದ್ದಾರೆ. ‘ಮನಸ್ಸು ಮಾಡಿದರೆ ಆಗುತ್ತದೆ, ಇವನಿಗೆ ಮನಸ್ಸಿಲ್ಲ ಅಷ್ಟೇ’ ಎನ್ನುವವರೂ ಇದ್ದಾರೆ. ಎರಡರಲ್ಲೂ ಒಂದು ಮಾತು ಬಿಟ್ಟುಹೋಗುತ್ತದೆ. ಆ ದಿನಗಳಲ್ಲಿ ಅವನು ಒಬ್ಬನೇ ಕುಡಿತ ಬಿಟ್ಟಿರಲಿಲ್ಲ, ಊರೇ ಅವನಿಗೆ ಬಿಡಲು ಅನುವು ಮಾಡಿಕೊಟ್ಟಿತ್ತು. ಹೆಸರು ಬದಲಿಸಿತ್ತು, ಸಂಜೆಯನ್ನು ತುಂಬಿಸಿತ್ತು, ಜೊತೆಗಾರರನ್ನು ಕೊಟ್ಟಿತ್ತು, ದಾರಿ ಗೊತ್ತಿದ್ದ ಗುರುಸ್ವಾಮಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿತ್ತು. ಮಾಲೆ ಬಿಚ್ಚಿದಾಗ ಇದೆಲ್ಲವೂ ಅದರ ಜೊತೆಗೇ ಹೋಯಿತು.

ಆಸ್ಪತ್ರೆಯಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಒಂದು ತಿಂಗಳು ಇದ್ದು ಮನೆಗೆ ಬರುವವನಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಅವನು ‘ಸ್ವಾಮಿ’ ಆಗಿ ಬರುವುದಿಲ್ಲ. ‘ಅಲ್ಲಿಗೆ ಹಾಕಿದ್ರಂತಲ್ಲ, ಬಂದ್ನಾ?’ ಎಂಬ ಪಿಸುಮಾತಿನ ನಡುವೆ ಬರುತ್ತಾನೆ.

ಸಮಸ್ಯೆಯ ಅಳತೆ ನಮಗೆ ಗೊತ್ತಿಲ್ಲದ್ದೇನಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನಕ್ಕೆ ಅದರಿಂದಾದ ತೊಂದರೆಗೆ ನೆರವು ಬೇಕು, ಆ 5.7 ಕೋಟಿಯಲ್ಲಿ ಸುಮಾರು 2.9 ಕೋಟಿ ಜನ ಮದ್ಯವಿಲ್ಲದೆ ಇರಲಾರದ ಸ್ಥಿತಿ ತಲುಪಿದವರು ಎಂದು ಅದು ಅಂದಾಜು ಮಾಡಿತು. ಹಾಗೆ ಇರಲಾರದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅದಕ್ಕೂ ಮೊದಲು, 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಬೇರೆ ಅಳತೆಗೋಲು ಹಿಡಿದು ನೋಡಿದಾಗಲೂ ಮದ್ಯದ ತೊಂದರೆ ಇರುವ 100 ಜನರಲ್ಲಿ 86 ಜನ ಚಿಕಿತ್ಸೆಯ ಹೊರಗೇ ಇದ್ದರು.

ಈ ಎರಡೂ ಲೆಕ್ಕ ನಿಲ್ಲುವುದು ಚಿಕಿತ್ಸೆಯ ಬಾಗಿಲಲ್ಲಿ. ಒಳಗೆ ಹೋಗಿ ಹೊರಬಂದ ಆ ಒಬ್ಬರು ಆಮೇಲೆ ಏನಾದರು ಎಂಬುದು ಇವುಗಳಲ್ಲಿ ಇಲ್ಲ. ನಮ್ಮ ಮನೆ, ಬೀದಿ, ಕೆಲಸದ ಜಾಗಗಳಿಗೆ ಸಂಬಂಧಿಸಿದ ಕತೆ ಶುರುವಾಗುವುದೇ ಅಲ್ಲಿಂದ.

ಮೊದಲ ವಾರ ದೇಹದ್ದು

ಬಹಳ ವರ್ಷ ದಿನಾ ಕುಡಿದ ದೇಹ ಮದ್ಯಕ್ಕೆ ತಕ್ಕಂತೆ ತನ್ನ ನರಮಂಡಲವನ್ನು ಹೊಂದಿಸಿಕೊಂಡಿರುತ್ತದೆ. ಮದ್ಯ ನರಗಳನ್ನು ಮಂಕು ಮಾಡುತ್ತದೆ, ದೇಹ ಅದಕ್ಕೆ ಎದುರಾಗಿ ಅವುಗಳನ್ನು ಇನ್ನಷ್ಟು ಚುರುಕಾಗಿಸುತ್ತಾ ಹೋಗುತ್ತದೆ. ಒಂದು ದಿನ ಮದ್ಯ ತಟ್ಟನೆ ನಿಂತರೆ ಆ ಹೆಚ್ಚುವರಿ ಚುರುಕಿಗೆ ಕಡಿವಾಣವೇ ಇರುವುದಿಲ್ಲ. ಕೊನೆಯ ಗುಟುಕಿನ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ, ನಿದ್ದೆಗೇಡು ಕಾಣಿಸುತ್ತವೆ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನವಾದ ಮೇಲೆ ಕೆಲವರಿಗೆ ಹಗಲು ರಾತ್ರಿಯ ಅರಿವು ತಪ್ಪಿ, ಗೋಡೆಯ ಮೇಲೆ ಇಲ್ಲದ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಮನೆಯವರು ‘ಗಾಳಿ ಮೆಟ್ಟಿಕೊಂಡಿದೆ’ ಎಂದು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು ಇದೇ ಹೊತ್ತಿನಲ್ಲಿ. ವೈದ್ಯರು ಇದನ್ನು ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು.

ಹಾಗಾಗಿ ಮಾಲೆ ಹಾಕುವುದಿರಲಿ, ಶ್ರಾವಣದ ವ್ರತವಿರಲಿ, ದೇವರ ಮುಂದೆ ಆಣೆ ಇರಲಿ, ಬೆಳಗ್ಗೆ ಎದ್ದ ತಕ್ಷಣ ಕೈನಡುಕಕ್ಕೆ ಕುಡಿಯಲೇಬೇಕಾದ ಸ್ಥಿತಿಯಲ್ಲಿರುವವರು ವೈದ್ಯರನ್ನು ಕಾಣದೆ ಒಮ್ಮೆಲೇ ಬಿಡಬಾರದು. ಐದಾರು ದಿನ ಡಾಕ್ಟರ ಕಣ್ಣಳತೆಯಲ್ಲಿ ಮಾತ್ರೆ ಕೊಟ್ಟು, ವಿಟಮಿನ್ ಬಿ1 ಇಂಜೆಕ್ಷನ್ ಹಾಕಿ ನೋಡಿಕೊಂಡರೆ ಈ ಅಪಾಯವನ್ನು ದಾಟಿಸಬಹುದು. ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಇದು ಸಾಮಾನ್ಯವಾದ ಚಿಕಿತ್ಸೆ.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ ಹೇಳಬೇಕು. ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ, ಮೊಬೈಲಿನಲ್ಲಿ ನೋಡಿರುತ್ತೀರಿ. ಅಂಥ ಪುಡಿಯಲ್ಲಿ ಏನಿದೆ ಎಂದು ಮನೆಯವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧ ಇರುವುದು ನಿಜ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಏರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆ ಎಂದು ತಿಳಿದು, ಒಪ್ಪಿ, ಲಿವರ್ ಪರೀಕ್ಷೆ ಮಾಡಿಸಿಕೊಂಡವರಿಗೆ ಮಾತ್ರ ಕೊಡಬೇಕಾದ ಔಷಧ ಅದು. ಸಾರಿನಲ್ಲಿ ಕದ್ದು ಬೆರೆಸಿದರೆ ಜೀವಕ್ಕೆ ಕುತ್ತು, ಜೊತೆಗೆ ಅಳಿದುಳಿದ ನಂಬಿಕೆಯೂ ಹೋಗುತ್ತದೆ. ಹಂಬಲವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್‌ನಂಥ ಬೇರೆ ಔಷಧಗಳೂ ನಮ್ಮಲ್ಲಿ ಸಿಗುತ್ತವೆ. ಅವುಗಳ ಬಗ್ಗೆ ಕೇಳಿದವರು ಕಡಿಮೆ.

ಆಮೇಲಿನ ವರ್ಷ ಊರಿನದ್ದು

ಮೈಯಿಂದ ಮದ್ಯ ಹೋದ ಮೇಲೂ ನಿದ್ದೆ ಸರಿಹೋಗಲು ಎಷ್ಟೋ ತಿಂಗಳು ಹಿಡಿಯಬಹುದು. ಮನಸ್ಸಿಗೆ ಯಾವುದರಲ್ಲೂ ರುಚಿ ಇರುವುದಿಲ್ಲ. ಹಿಂದೆ ಕುಡಿಯುತ್ತಿದ್ದ ಜಾಗ, ಜೊತೆಗೆ ಕೂರುತ್ತಿದ್ದ ಮುಖ, ಕಡಲೆಬೀಜ ಹುರಿದ ವಾಸನೆ, ಕೈಗೆ ಬಂದ ವಾರದ ಬಟವಾಡೆ, ಇಂಥ ಒಂದೊಂದೂ ಮಿದುಳಿನಲ್ಲಿ ಹಳೆಯ ಹಂಬಲವನ್ನು ಕ್ಷಣದಲ್ಲಿ ಎಬ್ಬಿಸಬಲ್ಲದು. ಕುಡಿತ ಬಿಟ್ಟವರ ಕೂಟಗಳಲ್ಲಿ ನಾಲ್ಕು ಸ್ಥಿತಿಗಳ ಬಗ್ಗೆ ಹುಷಾರಾಗಿರಿ ಎಂದು ಹೊಸಬರಿಗೆ ಹೇಳಿಕೊಡುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಗಾರೆ ಕೆಲಸ ಮುಗಿಸಿದವನಿಗೆ ಸಂಜೆ ಆರೂವರೆಗೆ ಈ ನಾಲ್ಕೂ ಒಟ್ಟಿಗೇ ಬರುತ್ತವೆ. ಬಾರು ತುಂಬುವುದೂ ಆ ಹೊತ್ತಿಗೇ.

ಅವನ ಒಂದು ವರ್ಷವನ್ನು ಕಲ್ಪಿಸಿಕೊಳ್ಳಿ. ಮನೆಗೆ ಬಂದ ಮೊದಲ ವಾರದಲ್ಲೇ ಹಳೆಯ ಸಾಲಗಾರರು ಬಾಗಿಲಿಗೆ ಬರುತ್ತಾರೆ. ಮೇಸ್ತ್ರಿ ಕೆಲಸಕ್ಕೆ ಕರೆಯುವುದಿಲ್ಲ, ಕರೆದರೂ ಅರ್ಧ ಕೂಲಿ. ತಂಗಿಯ ಮಗಳ ಮದುವೆಯ ಹಿಂದಿನ ರಾತ್ರಿ ಛತ್ರದ ಹಿಂಭಾಗದಲ್ಲಿ ‘ಒಂದು ಪೆಗ್ಗಿಗೆ ಏನಾಗತ್ತೆ ಬಾರೋ ಮಾವ’ ಎಂದು ಎಳೆಯುತ್ತಾರೆ. ಊರಹಬ್ಬದ ಬಾಡೂಟ, ತಿಥಿಯ ನಂತರದ ಕೂಟ, ಚುನಾವಣೆಯ ವಾರದಲ್ಲಿ ಬಿಟ್ಟಿ ಬರುವ ಪ್ಯಾಕೆಟ್ಟು, ಎಲ್ಲ ಕಡೆಯೂ ಬೇಡ ಎನ್ನುವುದಕ್ಕೆ ಅವನೊಬ್ಬನೇ ಕಾರಣ ಕೊಡಬೇಕು. ಮಾಲೆ ಕೊರಳಲ್ಲಿದ್ದರೆ ಕಾರಣ ಕೇಳುವವರೇ ಇರುತ್ತಿರಲಿಲ್ಲ. ಇದೆಲ್ಲ ದಾಟಿ ಒಂಬತ್ತು ತಿಂಗಳು ನಿಂತವನು ಒಂದು ದಿನ ಜ್ವರ ಬಂದು ತಡವಾಗಿ ಎದ್ದರೂ ಮನೆಯವರು ಮೊದಲು ಬಾಯಿಯ ವಾಸನೆ ನೋಡುತ್ತಾರೆ.

ಆ ಅನುಮಾನ ಎಷ್ಟು ಕೊರೆಯುತ್ತದೆ ಎಂಬುದು ಕುಡಿತ ಬಿಟ್ಟವರಿಗೇ ಗೊತ್ತು. ಅದನ್ನು ಹೇಳುವಾಗ ಹೆಂಡತಿಯ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹದಿನೈದು ವರ್ಷ ಪೆಟ್ಟು ತಿಂದವಳು, ತಾಳಿ ಅಡವಿಟ್ಟು ಮಕ್ಕಳ ಫೀಜು ಕಟ್ಟಿದವಳು, ಹಿಂದೆ ನಾಲ್ಕು ಸಲ ‘ಬಿಟ್ಟೆ’ ಎಂಬ ಆಣೆ ಕೇಳಿ ನಂಬಿ ಮೋಸಹೋದವಳು ಐದನೆಯ ಸಲ ತಟ್ಟನೆ ನಂಬಬೇಕು ಎಂದು ಯಾರೂ ಅವಳಿಗೆ ಹೇಳುವಂತಿಲ್ಲ. ಅವಳೂ ಚೇತರಿಸಿಕೊಳ್ಳಬೇಕು, ಅದಕ್ಕೂ ಹೊತ್ತು ಬೇಕು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟಗಳಿವೆ. ಗಂಡ ಕುಡಿಯಲಿ ಬಿಡಲಿ, ಅವಳು ಅಲ್ಲಿಗೆ ಹೋಗಬಹುದು. ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನು ಕುಡಿಯುತ್ತಿರಲಿಲ್ಲ’ ಎಂದು ಅತ್ತೆ-ನಾದಿನಿಯರಿಂದ ಕೇಳಿಕೇಳಿ ಬೇಸತ್ತ ಹೆಣ್ಣಿಗೆ, ಇದು ನಿನ್ನ ತಪ್ಪಲ್ಲ ಎಂದು ಹೇಳುವ ಹತ್ತು ಜನರ ನಡುವೆ ಒಂದು ಗಂಟೆ ಕೂರುವುದು ದೊಡ್ಡ ವಿಷಯ.

ಮರುಕಳಿಸುವುದರ ಬಗ್ಗೆ ನಮ್ಮ ಭಾಷೆಯೇ ಕಟುವಾಗಿದೆ. ‘ನಾಯಿ ಬಾಲ ಡೊಂಕೇ’, ‘ಹುಟ್ಟುಗುಣ ಸುಟ್ಟರೂ ಹೋಗದು’. ಒಂದು ಸಲ ಎಡವಿದವನ ಮೇಲೆ ಇವು ಬೀಳುವ ರಭಸಕ್ಕೆ ಅವನು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. 2000ದಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ, ಇಂದಿಗೂ ವೈದ್ಯರು ಉಲ್ಲೇಖಿಸುವ ಲೇಖನವೊಂದು ವ್ಯಸನವನ್ನು ಬಿಪಿ, ಶುಗರ್, ಆಸ್ತಮಾಗಳ ಪಕ್ಕದಲ್ಲಿಟ್ಟು ನೋಡಿತು. ಅಲ್ಲಿನ ಅಂಕಿಗಳ ಪ್ರಕಾರ ಚಿಕಿತ್ಸೆಯ ನಂತರದ ವರ್ಷದಲ್ಲಿ ವ್ಯಸನ ಮರುಕಳಿಸುವುದು 40ರಿಂದ 60 ಶೇಕಡಾ. ಬಿಪಿ ಮತ್ತು ಆಸ್ತಮಾ ಇರುವವರಲ್ಲಿ ಪಥ್ಯ-ಮಾತ್ರೆ ತಪ್ಪಿ ಕಾಯಿಲೆ ಮತ್ತೆ ಕೆರಳುವುದು 50ರಿಂದ 70 ಶೇಕಡಾ. ಶುಗರ್ ಇರುವ ಚಿಕ್ಕಪ್ಪ ಯುಗಾದಿಯಂದು ನಾಲ್ಕು ಹೋಳಿಗೆ ತಿಂದು ಆಸ್ಪತ್ರೆ ಸೇರಿದರೆ ಡಾಕ್ಟರು ಇನ್ಸುಲಿನ್ ಹೆಚ್ಚಿಸುತ್ತಾರೆ, ಮನೆಯವರು ಡಬ್ಬಿ ಬಚ್ಚಿಡುತ್ತಾರೆ. ‘ಇವನು ಉದ್ಧಾರ ಆಗಲ್ಲ’ ಎಂದು ಯಾರೂ ಕೈಬಿಡುವುದಿಲ್ಲ. ಆರು ತಿಂಗಳು ನಿಂತು ಒಂದು ರಾತ್ರಿ ಕುಡಿದವನಿಗೂ ಮರುದಿನ ಬೆಳಗ್ಗೆ ಬೇಕಾದದ್ದು ಅದೇ: ಚಿಕಿತ್ಸೆಯಲ್ಲಿ ಏನನ್ನು ಬದಲಿಸಬೇಕು ಎಂದು ನೋಡುವ ಡಾಕ್ಟರು, ಮತ್ತು ಆಸ್ಪತ್ರೆಯವರೆಗೆ ಜೊತೆಗೆ ಬರುವ ಒಬ್ಬರು.

ಹಾಗೆಂದು ಪೆಟ್ಟನ್ನು ಸಹಿಸಿಕೊಳ್ಳಿ ಎಂದಲ್ಲ. ಕಾಯಿಲೆ ಎಂದ ಮಾತ್ರಕ್ಕೆ ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ್ದು ಮಾಫಿ ಆಗುವುದಿಲ್ಲ.

ಮಾಲೆ ಇಲ್ಲದೆ ಊರು ಜೊತೆ ನಿಂತದ್ದು

ಕರ್ನಾಟಕದಲ್ಲಿ ಊರನ್ನೇ ಜೊತೆಗೆ ಕರೆದುಕೊಂಡು ಈ ಕೆಲಸ ಮಾಡಿದ ಪರಂಪರೆ ಇದೆ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ, ಕೇರಿಕೇರಿಗೆ ಹೋಗಿ ‘ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ’ ಎಂದು ಬೇಡಿದವರು. ಮಠದ ಜೋಳಿಗೆಗೆ ಅಕ್ಕಿ, ಜೋಳ, ಕಾಣಿಕೆ ಹಾಕುವ ನಾಡಿನಲ್ಲಿ ಸ್ವಾಮೀಜಿಯೊಬ್ಬರು ಹೆಂಡದ ಬಾಟಲಿ, ಬೀಡಿ ಕಟ್ಟು ಹಾಕಿ ಎಂದು ಬಾಗಿಲಲ್ಲಿ ನಿಂತದ್ದು ಎಷ್ಟು ಆಳವಾದ ಕಲ್ಪನೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವಮಾನ ಮಾಡದೆ, ಭಿಕ್ಷೆ ಕೇಳಿದ್ದು ಅದು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಇನ್ನೊಂದು ದಾರಿ. ಊರಿನ ಸಭಾಭವನದಲ್ಲೋ ಶಾಲೆಯಲ್ಲೋ ಎಂಟು ದಿನದ ಶಿಬಿರ. ಊರಿನವರೇ ಸಮಿತಿ ಮಾಡಿಕೊಂಡು ಅಡುಗೆ, ಹಾಸಿಗೆ ನೋಡಿಕೊಳ್ಳುತ್ತಾರೆ. ಎಂಟು ದಿನದಲ್ಲಿ ಕಾಯಿಲೆ ವಾಸಿಯಾಗುತ್ತದೆ ಎಂದು ನಾನು ನಂಬುವುದಿಲ್ಲ. ತೀವ್ರ ಸ್ಥಿತಿಯಲ್ಲಿರುವವರಿಗೆ ಆಸ್ಪತ್ರೆ ಬೇಕೇ ಬೇಕು. ಆದರೆ ಈ ಶಿಬಿರಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎಂಟನೆಯ ದಿನದ ನಂತರದ ಏರ್ಪಾಡು. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಯ ಸದಸ್ಯರಾಗುತ್ತಾರೆ, ಆಗಾಗ ಸೇರುತ್ತಾರೆ, ನೂರು ದಿನ ದಾಟಿದರೆ ‘ಶತದಿನೋತ್ಸವ’ ಮಾಡುತ್ತಾರೆ. ನೂರು ದಿನ ಕುಡಿಯದೆ ಇದ್ದದ್ದನ್ನು ಹೆಂಡತಿ ಮಕ್ಕಳ ಎದುರು, ಊರಿನ ಎದುರು, ಒಂದು ಉತ್ಸವ ಎಂದು ಕರೆಯುವುದು! ‘ಕುಡುಕ’ ಎಂಬ ಹೆಸರಿನ ಜಾಗಕ್ಕೆ ಇನ್ನೊಂದು ಹೆಸರು ಕೊಡುವ ಕೆಲಸವನ್ನು ಇದು ಮಾಡುತ್ತದೆ.

ಮೂರನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ‘ಎಎ’. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡಿತದ ರೋಗಿಗಳು, ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಶಸ್ತ್ರಚಿಕಿತ್ಸಕ, ಒಬ್ಬರಿಗೊಬ್ಬರು ಆಸರೆಯಾಗಿ ನಿಂತದ್ದರಿಂದ ಶುರುವಾದದ್ದು. ಬೆಂಗಳೂರು, ಮಂಗಳೂರು ಸೇರಿದಂತೆ ನಮ್ಮ ಹಲವು ಊರುಗಳಲ್ಲಿ ಶಾಲೆಯ ಕೊಠಡಿಯಲ್ಲೋ ಚರ್ಚಿನ ಹಾಲ್‌ನಲ್ಲೋ ಇವರ ಕೂಟಗಳು ನಡೆಯುತ್ತವೆ. ಫೀಸಿಲ್ಲ, ನೋಂದಣಿ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ‘ಇನ್ನು ಜೀವಮಾನದಲ್ಲಿ ಕುಡಿಯುವುದಿಲ್ಲ’ ಎಂಬ ಆಣೆಯೂ ಇಲ್ಲಿ ಬೇಡ. ಇವತ್ತು ಒಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದ್ದು ನಾಳೆ. ಹೊಸಬರಿಗೆ ವರ್ಷಗಟ್ಟಲೆ ಕುಡಿಯದೆ ಇರುವ ಒಬ್ಬರು ಜೊತೆಯಾಗುತ್ತಾರೆ, ಅವರನ್ನು ‘ಸ್ಪಾನ್ಸರ್’ ಎನ್ನುತ್ತಾರೆ. ಮಧ್ಯರಾತ್ರಿ ಹಂಬಲ ಎದ್ದರೂ ಅವರಿಗೆ ಫೋನು ಮಾಡಬಹುದು. ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿಯನ್ನು ಕೈಹಿಡಿದು ಬೆಟ್ಟ ಹತ್ತಿಸುವ ಗುರುಸ್ವಾಮಿಯ ಕೆಲಸವೂ ಇದೇ ತಾನೆ? ದೇವರನ್ನು ನಂಬದವರಿಗೆ, ಬೇರೆ ಧರ್ಮದವರಿಗೆ, ಗುಂಪಿನಲ್ಲಿ ಮಾತಾಡಲು ಹಿಂಜರಿಯುವವರಿಗೆ ಈ ಮೂರೂ ದಾರಿ ಒಗ್ಗದೆ ಇರಬಹುದು. ಅಂಥವರಿಗೆ ಆಪ್ತಸಮಾಲೋಚಕರೊಡನೆ ಒಬ್ಬೊಬ್ಬರೇ ಕೂತು ಮಾತಾಡುವ ಚಿಕಿತ್ಸೆ ಇದೆ.

ಅದಕ್ಕೆ ಎಲ್ಲ ಕಡೆ ಮನೋವೈದ್ಯರೇ ಬೇಕೆಂದಿಲ್ಲ ಎಂದು ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಗೋವಾ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಕೀಯ ಓದಿಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರ ಜೊತೆ ಒಂದರಿಂದ ನಾಲ್ಕು ಸಲ ಕೂತು ಮಾತಾಡಿಸಲಾಯಿತು. ಮೂರು ತಿಂಗಳ ನಂತರ ನೋಡಿದಾಗ ಅವರಲ್ಲಿ 36 ಶೇಕಡಾ ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಆ ಮಾತುಕತೆ ಸಿಗದವರಲ್ಲಿ ಇದು 26 ಶೇಕಡಾ. 2017ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಈ ಅಧ್ಯಯನ ಪ್ರಕಟವಾಯಿತು. ನಮ್ಮಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಅದು ಬಹಳ ಒಳ್ಳೆಯ ಹೆಜ್ಜೆ. ಆದರೆ ಹಂಬಲ ಮಂಗಳವಾರವನ್ನೇ ನೋಡಿಕೊಂಡು ಬರುವುದಿಲ್ಲ. ಉಳಿದ ದಿನಗಳಲ್ಲಿ ಅದೇ ಆಸ್ಪತ್ರೆಯಲ್ಲಿ ಗೋವಾದ ಮಾದರಿಯ ಒಬ್ಬ ಸಮಾಲೋಚಕ ಕೂರುವಂತಾದರೆ, ಬಿಟ್ಟವನ ಮನೆಗೆ ತಿಂಗಳಿಗೊಮ್ಮೆ ಫೋನು ಮಾಡುವಂತಾದರೆ, ಖರ್ಚಿಗಿಂತ ಉಳಿತಾಯವೇ ದೊಡ್ಡದು.

ಖರ್ಚಿನ ಮಾತು ಬಂತೆಂದರೆ ಅಬಕಾರಿಯ ಮಾತು ಬರಲೇಬೇಕು. 2025-26ರ ರಾಜ್ಯ ಬಜೆಟ್ಟು ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರಿ ನಿಗಮದ ಕೈಯಲ್ಲಿದೆ. ಎಂಎಸ್‌ಐಎಲ್ ಎಂಬ ಸರ್ಕಾರಿ ಕಂಪನಿಯ ಮೂಲಕ ಕೆಲವು ಚಿಲ್ಲರೆ ಅಂಗಡಿಗಳನ್ನೂ ಸರ್ಕಾರವೇ ನಡೆಸುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿಯುವವರು ಅಗ್ಗದ ಬಾಟಲಿ ಮದ್ಯಕ್ಕೆ ಹೊರಳಿದರು. 2019ರ ಜನವರಿಯಲ್ಲಿ ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಪೂರ್ತಿ ಪಾನನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ನಿಷೇಧ ಸರಿಯೇ ತಪ್ಪೇ ಎಂಬ ವಾದ ಬೇರೆ, ಅದು ಬೇಗ ಮುಗಿಯುವುದೂ ಇಲ್ಲ. ಅಂಗಡಿ ತೆರೆದಿರುವಷ್ಟು ದಿನ, ಆ 40,000 ಕೋಟಿಯಲ್ಲಿ ಒಂದು ನಿಗದಿತ ಪಾಲು ಕುಡಿತ ಬಿಡಲು ಬಂದವರ ಚಿಕಿತ್ಸೆಗೆ, ಬಿಟ್ಟವರ ಆಮೇಲಿನ ವರ್ಷಕ್ಕೆ ಮೀಸಲಾಗಿರಬೇಕು ಎಂದು ಕೇಳಲು ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಕಾನೂನು ಜೊತೆಗಿದೆ, ಗೊತ್ತಿರುವವರು ಕಡಿಮೆ

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ಅರ್ಥದೊಳಗೆ ಸೇರಿಸಿತು. ಅಂದರೆ ರೋಗಿಗೆ ಸಿಗುವ ಹಕ್ಕುಗಳೆಲ್ಲ ಇವರಿಗೂ ಸಿಗುತ್ತವೆ. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಕೂಲಿ ಕೊಡದೆ ದುಡಿಸುವಂತಿಲ್ಲ, ಕಾಯಿಲೆಯ ಗುಟ್ಟನ್ನು ಬಯಲು ಮಾಡುವಂತಿಲ್ಲ. ‘ಬಡಿದು ಬಿಡಿಸುತ್ತೇವೆ’ ಎಂಬ ಕೇಂದ್ರಕ್ಕೆ ಮಗನನ್ನು ಸೇರಿಸುವ ಮೊದಲು ಮನೆಯವರು ಕೇಳಲೇಬೇಕಾದ ಪ್ರಶ್ನೆಗಳು ಸರಳ. ನೋಂದಣಿ ಪತ್ರ ತೋರಿಸಿ. ನೋಡಿಕೊಳ್ಳುವ ಡಾಕ್ಟರು ಯಾರು, ದಿನಾ ಬರುತ್ತಾರಾ? ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ? ನಮ್ಮ ಹುಡುಗನ ಜೊತೆ ನಾವು ಫೋನಿನಲ್ಲಿ ಮಾತಾಡಬಹುದಾ? ‘ಒಂದು ತಿಂಗಳು ಮಾತಾಡುವಂತಿಲ್ಲ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ವಿಮೆಯ ವಿಷಯದಲ್ಲಿ ಕಾಯ್ದೆಗೂ ವ್ಯವಹಾರಕ್ಕೂ ಅಂತರವಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಬಹಳಷ್ಟು ಆರೋಗ್ಯ ವಿಮೆಯ ಪಾಲಿಸಿಗಳ ಹೊರಗಿಡುವ ಪಟ್ಟಿಯಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆ ಈಗಲೂ ಇದೆ. ಮಧ್ಯಮ ವರ್ಗದ ಮನೆಗಳು ಚಿಕಿತ್ಸೆಗಾಗಿ ಚಿನ್ನ ಅಡವಿಡುವುದು ಇದರಿಂದಾಗಿಯೂ ಹೌದು.

ಗಾಂಜಾ, ಮಾತ್ರೆ, ಪುಡಿಗಳ ವಿಷಯದಲ್ಲಿ ತಂದೆತಾಯಿಗಳನ್ನು ಕಟ್ಟಿಹಾಕಿರುವುದು ಪೊಲೀಸರ ಭಯ. ‘ಆಸ್ಪತ್ರೆಗೆ ತೋರಿಸಿದರೆ ಕೇಸಾಗುತ್ತೆ, ಮಗಳ ಕಾಲೇಜು ಹೋಗುತ್ತೆ’ ಎಂದು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಇಂಥವರಿಗಾಗಿಯೇ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯೊಬ್ಬರು ತಾವಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವರನ್ನು ಆ ಆರೋಪದ ಮೇಲೆ ಮೊಕದ್ದಮೆಗೆ ಗುರಿಪಡಿಸುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪ್ರತಿ ಜೂನ್ 26ರಂದು ಕಾಲೇಜುಗಳಲ್ಲಿ ನಡೆಯುವ ಮಾದಕ ವಸ್ತು ವಿರೋಧಿ ದಿನದ ಜಾಥಾಗಳಲ್ಲಿ ತಲೆಬುರುಡೆಯ ಚಿತ್ರಗಳು ಹೇರಳವಾಗಿ ಇರುತ್ತವೆ. ಈ ಒಂದು ಸೆಕ್ಷನ್ನಿನ ಬಗ್ಗೆ ಒಂದು ಸಾಲು ಇದ್ದರೆ, ಬಾಯಿಬಿಡಲು ಹೆದರಿ ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಹುಡುಗಿಯರಿಗೆ ಅದು ತಲುಪುತ್ತಿತ್ತು.

ಹುಡುಗಿಯರು ಎಂದೆ. 2019ರ ಅದೇ ವರದಿಯ ಪ್ರಕಾರ ಮದ್ಯ ಸೇವಿಸುವ ಗಂಡಸರು 27.3 ಶೇಕಡಾ, ಹೆಂಗಸರು 1.6 ಶೇಕಡಾ. ಸಂಖ್ಯೆ ಸಣ್ಣದೆಂದು ಚಿಕಿತ್ಸೆಯ ಜಗತ್ತು ಬಹುತೇಕ ಗಂಡಸರಿಗಾಗಿಯೇ ಕಟ್ಟಿಕೊಂಡಿದೆ. ಕುಡಿತ ಬಿಟ್ಟ ಗಂಡನಿಗೆ ಶತದಿನೋತ್ಸವದಲ್ಲಿ ಹೆಂಡತಿ ಪಕ್ಕದಲ್ಲಿ ನಿಲ್ಲುತ್ತಾಳೆ. ಕುಡಿತ ಬಿಟ್ಟ ಹೆಣ್ಣಿನ ಪಕ್ಕದಲ್ಲಿ ಯಾರು ನಿಂತಾರು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಅವಳು ಆಸ್ಪತ್ರೆಗೆ ಬರುವುದೇ ಲಿವರ್ ಹಾಳಾದ ಮೇಲೆ, ಅದೂ ಹೊಟ್ಟೆನೋವು ಎಂದು ಹೇಳಿಕೊಂಡು.

ಕೆಲಸ ಕೊಡುವವರ ಪಾಲೂ ಇಲ್ಲಿ ದೊಡ್ಡದು. ಕೊಳಚೆಯಲ್ಲಿ ಇಳಿಯುವವರು, ಕಸ ಎತ್ತುವವರು, ಹೆಣ ಸಾಗಿಸುವವರು ‘ಕುಡಿಯದೆ ಆ ನಾತ ತಡೆಯಕ್ಕಾಗಲ್ಲ ಸಾರ್’ ಎನ್ನುತ್ತಾರೆ. ಅವರಿಗೆ ಉಪದೇಶ ಕೊಡುವ ಮೊದಲು ಯಂತ್ರ, ಮುಖಗವಸು, ಸ್ನಾನಕ್ಕೆ ಬಿಸಿನೀರು ಕೊಡಬೇಕು. ಕೆಲಸ ಮುಗಿದ ಮೇಲೆ ಆಳುಗಳಿಗೆ ಎಣ್ಣೆ ಕೊಡಿಸುವುದು ಧಾರಾಳತನ ಎಂದುಕೊಂಡ ಮೇಸ್ತ್ರಿಗಳು, ತೋಟದ ಮಾಲೀಕರು ಆ ದುಡ್ಡನ್ನು ಕೂಲಿಗೆ ಸೇರಿಸಿ, ವಾರದ ಬಟವಾಡೆಯನ್ನು ಬ್ಯಾಂಕಿಗೆ ಹಾಕಿದರೆ ಎಷ್ಟೋ ಸಂಜೆಗಳು ಉಳಿಯುತ್ತವೆ. ಆಸ್ಪತ್ರೆಯಿಂದ ಬಂದವನಿಗೆ ಮೊದಲಿನ ಕೆಲಸ, ಮೊದಲಿನ ಕೂಲಿ ಸಿಗುವುದು ಅವನು ನುಂಗುವ ಮಾತ್ರೆಯಷ್ಟೇ ಮುಖ್ಯ. ತಿಂಗಳಿಗೊಂದು ದಿನ ಡಾಕ್ಟರನ್ನು ನೋಡಲು ರಜೆ ಕೇಳಿದರೆ ‘ಯಾಕೆ, ಮತ್ತೆ ಶುರು ಹಚ್ಕೊಂಡ್ಯಾ?’ ಎಂದು ಎಲ್ಲರೆದುರು ಕೇಳದಿರುವುದೂ ಅಷ್ಟೇ ಮುಖ್ಯ.

ಇನ್ನು ನೀವು ಮತ್ತು ನಾನು. ನೆಂಟರಿಷ್ಟರಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಬಿಟ್ಟು ಆರು ತಿಂಗಳಾದವರೊಬ್ಬರು ಇರುತ್ತಾರೆ. ಅವರಿಗೆ ಸನ್ಮಾನ ಬೇಡ, ಹಳೆಯ ಪುರಾಣವೂ ಬೇಡ. ಮದುವೆಮನೆಯಲ್ಲಿ ಛತ್ರದ ಹಿಂದಕ್ಕೆ ಎಳೆಯುವ ಕೈಗೆ ‘ಅವರು ಬಿಟ್ಟಿದಾರೆ ಕಣೋ, ಸುಮ್ನಿರು’ ಎಂದು ಅವರ ಬದಲು ನಾವು ಹೇಳಬಹುದು. ಸಂಜೆ ಆರೂವರೆಗೆ ಬಾರಿಲ್ಲದ ರಸ್ತೆಯಲ್ಲಿ ಅವರ ಜೊತೆ ಒಂದು ಸುತ್ತು ನಡೆದು, ಟೀ ಕುಡಿದು ಬರಬಹುದು. ಅವರೇ ಬಾಯಿಬಿಟ್ಟು ‘ಇವತ್ತು ಕಷ್ಟ ಆಗ್ತಿದೆ’ ಎಂದರೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಬಹುದು. ಅದಕ್ಕೂ ಮೀರಿದ ನೆರವು ಬೇಕಾದರೆ ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಕುಡಿಯುವವರೇ ಮಾಡಬೇಕೆಂದಿಲ್ಲ, ಹೆಂಡತಿ ಮಾಡಬಹುದು, ಮಗಳು ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಎರಡೂ ಉಚಿತ.